ಬಿಗಿಯಾಗಿ ಕಟ್ಟಿದರೆ ಮೂಳೆ ಬೇಗ ಕೂಡುವುದಿಲ್ಲ

ಪ್ರಶ್ನೆ: ಡಾಕ್ಟ್ರೇ, ಏಳು ವರ್ಷದ ಮಗ ಸೀಬೆ ಮರದಿಂದ ಬಿದ್ದು ಮೊಣಕೈ ಬಾತಿದೆ. ಆಸ್ಪತ್ರೆಗೆ ಹೋದರೆ ಸುಮ್ನೆ ಆಪರೇಷನ್ ಅಂತಾರೆ, ನಾಟಿ ಕಟ್ಟು ಹಾಕಿಸು ಅಂತ ನಮ್ಮತ್ತೆ ಹೇಳ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆಸ್ಪತ್ರೆಗೆ ಹೊರಡಿ ತಾಯಿ. ಬರೆದು ಕೇಳಿ ಕಾಯುವ ವಿಷಯ ಇದಲ್ಲ. ಕೈ ಹೇಗಿದೆಯೋ ಹಾಗೇ ದುಪಟ್ಟಾದಲ್ಲಿ ಕೊರಳಿಗೆ ತೂಗುಹಾಕಿ. ಎಳೆದು ನೇರ ಮಾಡಬೇಡಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಅರಿವಳಿಕೆ ಕೊಡಬೇಕಾಗಬಹುದು.

ಪ್ರತಿ ಬೇಸಿಗೆ ರಜೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. "ಆ ಕಟ್ಟಿನಿಂದ ಎಷ್ಟೋ ಜನಕ್ಕೆ ವಾಸಿಯಾಗಿದೆಯಲ್ಲ" ಅನ್ನುತ್ತಾರೆ. ಆಗಿರುತ್ತದೆ. ಮೂಳೆ ತಾನಾಗಿಯೇ ಕೂಡುತ್ತದೆ. ಅವರೂ ಕೂಡಿಸುವುದಿಲ್ಲ, ನಾವೂ ಕೂಡಿಸುವುದಿಲ್ಲ. ಮಕ್ಕಳ ಮೊಣಕೈಗಂತೂ ಮೂರು-ನಾಲ್ಕು ವಾರ ಸಾಕು. ಆದರೆ ಮುರಿದ ತುದಿಗಳು ಸರಿಯಾಗಿ ಕೂತಿವೆಯಾ, ಪಕ್ಕದ ನರ, ರಕ್ತನಾಳ ಚೆನ್ನಾಗಿವೆಯಾ? ಇದನ್ನು ಎಕ್ಸ್‌ರೇ ಇಲ್ಲದೆ, ನಾಡಿ ನೋಡದೆ ಹೇಳಲಾಗದು.

ಕೈ ಊರಿ ಬಿದ್ದ ಮಕ್ಕಳಲ್ಲಿ ಮೊಣಕೈ ಭಾಗದಲ್ಲಿ ಹೆಚ್ಚಾಗಿ ಮುರಿಯುವುದು ತೋಳಿನ ಮೂಳೆಯ ಕೆಳತುದಿ, ಮೊಣಕೈಗಿಂತ ತುಸು ಮೇಲೆ. ಅದರ ಮುಂದೆಯೇ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಇದೆ. ಮುಂಗೈಯ ಸ್ನಾಯುಗಳೋ, ಹಿಗ್ಗದ ಗಟ್ಟಿ ಪೊರೆಯೊಳಗೆ ಇರುತ್ತವೆ. ಪೆಟ್ಟಾದ ಮೇಲೆ ಒಳಗೆ ಊತ ಏರುತ್ತದೆ. ಹೊರಗಿನಿಂದ ಬಿದಿರು ದಬ್ಬೆ ಇಟ್ಟು ಬಟ್ಟೆ ಬಿಗಿದರೆ ರಕ್ತ ಹರಿಯುವುದೇ ನಿಲ್ಲಬಹುದು. ಸುಮಾರು ಆರು ಗಂಟೆಯಲ್ಲಿ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಕುಗ್ಗಿ ನಾರಾಗಿ, ಬೆರಳುಗಳು ಒಳಕ್ಕೆ ಮುರುಟಿಕೊಳ್ಳುತ್ತವೆ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ವಾನ್ ಫೋಲ್ಕ್‌ಮನ್ 1881ರಲ್ಲೇ ಇದನ್ನು ಬರೆದರು. ಇಂಥ ಕೈಗಳನ್ನು ನಾನು ಈಗಲೂ ನೋಡುತ್ತಿದ್ದೇನೆ. ಒಬ್ಬ ಹುಡುಗ ನಾಲ್ಕನೇ ದಿನ ಬಂದ. ಕಟ್ಟು ಬಿಚ್ಚಿದಾಗ ಬೆರಳು ನೀಲಿಗಟ್ಟಿದ್ದವು. ಮೂಳೆ ಕೂಡಿತು. ಪೆನ್ಸಿಲ್ ಹಿಡಿಯಲು ಅವನಿಗೆ ಆಗಲೇ ಇಲ್ಲ.

ನಮ್ಮ ಪ್ಲಾಸ್ಟರ್‌ನಿಂದಲೂ ಹೀಗಾಗಬಹುದು. ಮಗುವಿನ ನೋವು ಔಷಧಿಗೂ ಬಗ್ಗದೆ ಏರುತ್ತಿದೆಯಾ? ಬೆರಳನ್ನು ನೀವು ಮೆಲ್ಲಗೆ ನೆಟ್ಟಗೆ ಮಾಡಿದರೆ ಚೀರುತ್ತಾನಾ? ಬೆರಳು ತಣ್ಣಗಾಗಿದೆಯಾ, ಜೋಮು ಹಿಡಿದಿದೆಯಾ? ಹಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೋಗಿ, ಪ್ಲಾಸ್ಟರ್ ಸೀಳಿಸಿ. ಬಟ್ಟೆ ಕಟ್ಟಾದರೆ ಮನೆಯಲ್ಲೇ ಬಿಚ್ಚಿ ಹೊರಡಿ.

ಆಪರೇಷನ್ ಎಲ್ಲರಿಗೂ ಬೇಡ. ಮೂಳೆ ಜರುಗದಿದ್ದರೆ ಪ್ಲಾಸ್ಟರ್ ಸಾಕು. ಜರುಗಿದ್ದರೆ ಎರಡು-ಮೂರು ತಂತಿ ಹಾಕುತ್ತೇವೆ, ಕೆಲವೇ ವಾರಗಳಲ್ಲಿ ತೆಗೆಯುತ್ತೇವೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಣ್ಣೆ ಹಾಕಿ ತಿಕ್ಕಿಸಬೇಡಿ. ಅಜ್ಜಿ ಬೇಜಾರು ಮಾಡಿಕೊಂಡರೂ ಬೇಡ. ಪೆಟ್ಟಾದ ಮೊಣಕೈಯನ್ನು ತಿಕ್ಕಿ ತಿಕ್ಕಿ ಎಳೆದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಮಡಚಲಾಗದೆ ಹೋಗಬಹುದು. ಮಗು ತಾನೇ ಆಡುತ್ತಾ ಕೈ ಬಿಡಿಸಿಕೊಳ್ಳಲಿ.

ಪ್ರಶ್ನೆ: ನೆಟಿಕೆ ತೆಗೆದರೆ ಸಂಧಿವಾತ ಬರುತ್ತಾ?

ಉತ್ತರ: ಇಲ್ಲ. ಕೀಲಿನ ದ್ರವದಲ್ಲಿ ಮೂಡುವ ಅನಿಲದ ಗುಳ್ಳೆಯಿಂದ ಆ ಸದ್ದು.

ಪ್ರಶ್ನೆ: 22 ವರ್ಷ. ಎತ್ತರವಾಗುವ ಪುಡಿ ತಗೊಳ್ಳಲಾ?

ಉತ್ತರ: ಬೇಡ. ಮೂಳೆ ಬೆಳೆಯುವ ಜಾಗ ಮುಚ್ಚಿದ ಮೇಲೆ ಯಾವ ಪುಡಿಯಿಂದಲೂ ಎತ್ತರ ಬರದು. ಮಾರುವವರು ಮೋಸಗಾರರು.

ಪ್ರಶ್ನೆ: ಕಾಲು ಮುರಿದಿದೆ. ಕಾಲು ಸೂಪ್ ಕುಡಿದರೆ ಬೇಗ ಕೂಡುತ್ತಾ?

ಉತ್ತರ: ಸೂಪಿಗೆ ಇಳಿಯುವ ಕ್ಯಾಲ್ಸಿಯಂ ತೀರಾ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಹಾಲು, ಮೊಟ್ಟೆ, ಬೇಳೆ ತಿನ್ನಿ. ಬೀಡಿ, ಸಿಗರೇಟು ಸೇದುವವರಾದರೆ ಇವತ್ತೇ ನಿಲ್ಲಿಸಿ. ಮೂಳೆ ಕೂಡುವುದನ್ನು ಅದು ತಡ ಮಾಡುತ್ತದೆ.