ಪಶ್ಚಿಮ ಕರಾವಳಿಯಲ್ಲಿ ಡೆಲ್ಟಾ ಯಾಕಿಲ್ಲ?

ನಮಸ್ಕಾರ. ಪೂರ್ವ ಕರಾವಳಿಯಲ್ಲಿ ಕೃಷ್ಣಾ, ಗೋದಾವರಿ ಡೆಲ್ಟಾ (ನದಿ ಸಮುದ್ರ ಸೇರುವಲ್ಲಿ ಹೂಳು ಕೂತು ಆಗುವ ನೆಲ) ಕಟ್ಟಿವೆ, ಪಶ್ಚಿಮದಲ್ಲಿ ಯಾಕೆ ಬರೀ ಅಳಿವೆ (ಉಬ್ಬರವಿಳಿತದ ನೀರು ಒಳನುಗ್ಗುವ ನದೀಮುಖ) ಅಂತ ಕೇಳಿದ್ದೀರಿ. ಉತ್ತರ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ, ಖಾನಾಪುರ ತಾಲ್ಲೂಕಿನ ಕಾಡಲ್ಲಿ.

ಮಹದಾಯಿ, ಮಲಪ್ರಭಾ ಎರಡೂ ಅಲ್ಲೇ ಹುಟ್ಟುತ್ತವೆ. ಮಹದಾಯಿ ಘಟ್ಟ ಇಳಿದು, ಸುಮಾರು 80 ಕಿ.ಮೀ. ಓಡಿ, ಮಾಂಡೋವಿ ಅನ್ನೋ ಹೆಸರಲ್ಲಿ ಪಣಜಿ ಹತ್ತಿರ ಸಮುದ್ರ ಸೇರುತ್ತದೆ. ದಾರಿ ಚಿಕ್ಕದು, ಇಳಿಜಾರು ಜಾಸ್ತಿ. ಹೊತ್ತು ತರುವ ಹೂಳು ಕಡಿಮೆ, ತಂದಿದ್ದನ್ನೂ ಅಲೆ, ಉಬ್ಬರವಿಳಿತ ಎಳೆದುಕೊಂಡು ಹೋಗುತ್ತವೆ.

ಮಲಪ್ರಭಾ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ತಿರುಗಿ, ಕೂಡಲಸಂಗಮದಲ್ಲಿ ಕೃಷ್ಣಾ ಸೇರುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಹೋದರೆ ಒಂದು ಚೊಂಬು ನೀರು ತುಂಬಿ ಸುಮ್ನೆ ಇಟ್ಟು ನೋಡಿ. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಸರು ಕೂರುತ್ತದೆ. ಅದು ನಮ್ಮ ಹೊಲಗಳ ಮಣ್ಣು. ಅಂಥ ಮಣ್ಣನ್ನೇ ಕೃಷ್ಣಾ ಸಾವಿರಾರು ವರ್ಷ ಹೊತ್ತು, ಆಂಧ್ರದ ಸಪಾಟು ಕರಾವಳಿಯಲ್ಲಿ ಇಳಿಸಿ ಡೆಲ್ಟಾ ಕಟ್ಟಿದ್ದು. ಈಗ ಬಹಳಷ್ಟು ಹೂಳು ಅಣೆಕಟ್ಟುಗಳಲ್ಲೇ ನಿಲ್ಲುತ್ತಿದೆ. ಅದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಉದ್ದ ಒಂದನ್ನೇ ನೋಡಬೇಡಿ. ನರ್ಮದಾ 1,312 ಕಿ.ಮೀ. ಹರಿದೂ ಡೆಲ್ಟಾ ಕಟ್ಟಿಲ್ಲ. ಅದು ಸೇರುವ ಗುಜರಾತಿನ ಖಂಬಾತ್ ಕೊಲ್ಲಿಯ ಉಬ್ಬರವಿಳಿತ ಅಷ್ಟು ಜೋರು.