ಒಂದೇ ವಿಚಾರಣೆ, ಹಲವು ಮನೆ

ಪ್ರಶ್ನೆ: ವಂಶಾವಳಿ ಬರೆಯುತ್ತಿದ್ದೇನೆ. ಮುತ್ತಜ್ಜನ ಮೂಲಮನೆ ವಿಚಾರಿಸಿ ಎಲ್ಲ ಹಿರಿಯರಿಗೂ ಒಟ್ಟಿಗೇ ಪತ್ರ ಬರೆಯಬಹುದೇ?
– ಓದುಗರು, ಕುಂಬಳೆ

ಉತ್ತರ: ಒಟ್ಟಿಗೇ ಬೇಡ. ಒಬ್ಬರು ಕಷ್ಟಪಟ್ಟು ಹಳೆಯ ಕಾಗದಪತ್ರ ತೆಗೆದು ಹುಡುಕುವಾಗ, ಉತ್ತರ ಬೇರೆಯವರಿಂದ ಆಗಲೇ ಬಂದಿದ್ದರೆ ಅವರ ಶ್ರಮಕ್ಕೆ ಅಗೌರವ. ಹತ್ತಿರದವರಿಗೆ ಮೊದಲು ಬರೆದು ಮೂರು ವಾರ ಕಾಯಿರಿ. ಮುಂದಿನ ಪತ್ರದಲ್ಲಿ ಯಾರನ್ನೆಲ್ಲ ಕೇಳಿದ್ದೀರಿ, ಏನು ಸಿಕ್ಕಿತು ಎಂದು ತಿಳಿಸಿ. ಉತ್ತರ ಸಿಕ್ಕ ದಿನವೇ ಉಳಿದವರಿಗೂ ಹೇಳಿಬಿಡಿ. ಇದನ್ನು ಮರೆಯುವವರೇ ಹೆಚ್ಚು.

ಹೆಸರು, ಮನೆತನ, ಗ್ರಾಮ, ಅಂದಾಜು ಇಸವಿ ಬರೆಯಿರಿ. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬವಾದರೆ ಮುತ್ತಜ್ಜನ ತಾಯಿಯ ಹೆಸರು ಬೇಕೇ ಬೇಕು. 1956 ನವೆಂಬರ್ 1ಕ್ಕೆ ಮೊದಲು ನಿಮ್ಮ ಕುಂಬಳೆಯಿರುವ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಾಗಾಗಿ ಮಂಗಳೂರು ಕಡೆಯ ನೆಂಟರನ್ನೂ ವಿಚಾರಿಸಿ.