ನೀರು ಬಿದ್ದರೆ ಮತ್ತೆ ಉರಿ: ಎಲೆಯ ಕೂದಲು ಚರ್ಮದೊಳಗೇ ಉಳಿದಿರಬಹುದು

ಕೊಡಗಿನ ಹಳ್ಳದ ಬದಿಯಲ್ಲಿ ದೊಡ್ಡ ಎಲೆಯೊಂದು ಕೈಗೆ ಸವರಿತು, ಮೂರು ದಿನವಾದರೂ ತಣ್ಣೀರು ತಾಗಿದರೆ ಉರಿ ಏಳುತ್ತದೆ ಅಂದಿದ್ದೀರಿ. ಬಹುಶಃ ಅದು ಪಶ್ಚಿಮ ಘಟ್ಟದ ತುರಿಕೆ ಮರ, ವೈಜ್ಞಾನಿಕ ಹೆಸರು ಡೆಂಡ್ರೋಕ್ನೈಡ್ ಸಿನುಯೇಟಾ. ಫೋಟೋ ಇಲ್ಲದೆ ಪಕ್ಕಾ ಹೇಳಲಾರೆ. ಆದರೆ ಸಣ್ಣ ತುರಿಕೆ ಗಿಡದ ಉರಿ ಸಾಮಾನ್ಯವಾಗಿ ಇಷ್ಟು ದಿನ ಉಳಿಯೋದಿಲ್ಲ.

ಆ ಮರದ ಎಲೆಯ ಮೇಲಿನ ಸಣ್ಣ ಕೂದಲು ಗಾಜಿನ ಸೂಜಿ ಇದ್ದ ಹಾಗೆ, ಸಿಲಿಕಾದ್ದು. ತುದಿ ಮುರಿದು ಚರ್ಮದಲ್ಲೇ ಕೂತುಬಿಡುತ್ತದೆ. ಅದಕ್ಕೇ ಉಜ್ಜಬೇಡಿ, ಕೆರೆಯಲೂಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಮೊದಲು ಕೈ ಪೂರ್ತಿ ಒಣಗಲಿ. ಮೆಡಿಕಲ್ ಶಾಪಿನ ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ, ಒಂದೇ ಸಲಕ್ಕೆ ಎಳೆಯಿರಿ. ಪ್ರತಿ ಸಲವೂ ಹೊಸ ತುಂಡು. ವ್ಯಾಕ್ಸಿಂಗ್ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಆಮೇಲೆ ಬಿಸಿಲಿಗೆ ಕೈ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ಕಂಡ ಕೂದಲನ್ನು ಚಿಮಟದಿಂದ ತೆಗೆಯಿರಿ. ಮೂರು ದಿನ ಕಳೆದಿದೆ, ಎಲ್ಲವೂ ಬರುತ್ತವೆ ಅಂತ ಭರವಸೆ ಕೊಡಲಾರೆ. ಉಳಿದದ್ದು ವಾರಗಟ್ಟಲೆ ಆಗಾಗ ಚುಚ್ಚಬಹುದು.

ಅವತ್ತಿನ ಅಂಗಿಯಲ್ಲೂ ಕೂದಲು ಇರಬಹುದು. ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯಿರಿ.

ಕೀವು ಕಂಡರೆ ಅಥವಾ ನೋವು ಜಾಸ್ತಿ ಆದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.